ಕರಾವಳಿಯ ಊಟ ಮತ್ತು ಮಲ್ಟಿವಿಟಮಿನ್ ಗುಳಿಗೆ

ಮಲ್ಟಿವಿಟಮಿನ್ ಎಂದು ಮಾರಾಟವಾಗುವ ಗುಳಿಗೆಯಲ್ಲಿ ದೇಹಕ್ಕೆ ಬೇಕಾದ ಹದಿಮೂರು ವಿಟಮಿನ್‌ಗಳ ಪೈಕಿ ಬಹುಪಾಲು ಇರುತ್ತವೆ. ಜೊತೆಗೆ ಸತು, ಸೆಲೆನಿಯಮ್, ತಾಮ್ರ, ಅಯೋಡಿನ್‌ನಂಥ ಖನಿಜಗಳು ಸೇರಿರುತ್ತವೆ. ಕಬ್ಬಿಣ ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಯಾವುದನ್ನು ಎಷ್ಟು ಹಾಕಬೇಕೆಂದು ತಯಾರಕರು ತೀರ್ಮಾನಿಸುವುದು ಸರಾಸರಿ ಗ್ರಾಹಕನನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಸರಾಸರಿ ಊಟ ಯಾರ ಮನೆಯ ಒಲೆಯ ಮೇಲೂ ಬೇಯುವುದಿಲ್ಲ. ಮೈಸೂರಿನ ಮುದ್ದೆ ಊಟ, ವಿಜಯಪುರದ ಜೋಳದ ರೊಟ್ಟಿ, ಕಾರವಾರದ ಗಂಜಿ ಮೀನು, ಈ ಮೂರರ ಕೊರತೆಗಳು ಮೂರು ಬಗೆಯವು. ಹೀಗಾಗಿ ಗುಳಿಗೆಯ ಆಯ್ಕೆಗೆ ಮೊದಲು ನೋಡಬೇಕಾದದ್ದು ತಟ್ಟೆಯನ್ನು, ಆಮೇಲೆ ತಿನ್ನುವವರ ವಯಸ್ಸು ಮತ್ತು ಮೈಸ್ಥಿತಿಯನ್ನು. ಚೀಟಿಯ ಮೇಲಿನ ಹೆಸರು ಕೊನೆಯ ಮಾತು.

ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಹ್ಯಾದ್ರಿಯ ಬುಡ ಕಡಲಿಗೆ ತೀರ ಹತ್ತಿರ ಬರುವ ಕಿರಿದಾದ ಪಟ್ಟಿಯಲ್ಲಿ ತೋಡೂರು ಇದೆ. ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ಕುಟುಂಬಗಳ ಪುನರ್ವಸತಿ ಕಾಲೊನಿಗಳಲ್ಲಿ ಒಂದು ಇಲ್ಲಿಯದು. ಈ ಭಾಗದ ಊಟದ ಚೌಕಟ್ಟು ಸರಳ: ಬೆಳಿಗ್ಗೆ ಕುಚಲಕ್ಕಿಯ ಗಂಜಿ, ಮಧ್ಯಾಹ್ನ ಅನ್ನ ಮತ್ತು ತೆಂಗಿನಕಾಯಿ ಅರೆದು ಮಾಡಿದ ಮೀನುಸಾರು, ರಾತ್ರಿ ಮತ್ತೆ ಅದೇ. ಬಂಗಡೆ, ತಾರ್ಲೆ, ಶೆಟ್ಲಿ ಸಿಕ್ಕ ದಿನ ಹಸಿಮೀನು, ಮಳೆಗಾಲದಲ್ಲಿ ಒಣಮೀನು. ಹುಳಿಗೆ ಮುರುಗಲು. ಹಿತ್ತಿಲಲ್ಲಿ ಬಸಳೆ, ಹರಿವೆ, ನುಗ್ಗೆ ಇದ್ದವರಿಗೆ ಸೊಪ್ಪು. ಈ ಊಟ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಒಂದೊಂದಾಗಿ ಲೆಕ್ಕ ಹಾಕಿದರೆ ಗುಳಿಗೆಯ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಅಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿ ಅಥವಾ ಗಿರಣಿಗೆ ಹಾಕಿ ಪಡೆದದ್ದು ಕುಚಲಕ್ಕಿ. ಥಯಾಮಿನ್ ಎಂಬ ಬಿ1 ವಿಟಮಿನ್ ಇರುವುದು ಭತ್ತದ ಕಾಳಿನ ಹೊರಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಹಸಿ ಭತ್ತವನ್ನು ಗಿರಣಿಯಲ್ಲಿ ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿದರೆ ಆ ಪದರದೊಂದಿಗೆ ವಿಟಮಿನ್ನೂ ತೌಡಿಗೆ ಹೋಗುತ್ತದೆ. ಭತ್ತ ಬೇಯಿಸುವಾಗ ಮಾತ್ರ ನೀರಿನಲ್ಲಿ ಕರಗಿದ ಥಯಾಮಿನ್ ಕಾಳಿನ ಒಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ನಂತರ ಪಾಲಿಶ್ ಮಾಡಿದರೂ ಸಾಕಷ್ಟು ಉಳಿಯುತ್ತದೆ. ಇದರ ಪರಿಣಾಮವನ್ನು ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್ಯಾರಿಸನ್, ಅವರ ನಂತರ ವಾಲೆಸ್ ಆಯ್ಕ್‌ರಾಯ್ಡ್ ಹಲವು ವರ್ಷ ಅಭ್ಯಸಿಸಿದರು. ಹಸಿ ಅಕ್ಕಿಯನ್ನು ಪಾಲಿಶ್ ಮಾಡಿ ತಿನ್ನುತ್ತಿದ್ದ ಆಂಧ್ರದ ಉತ್ತರ ಕರಾವಳಿಯಲ್ಲಿ ಕಾಲು ಜೋಮು ಹಿಡಿಸಿ ಹೃದಯವನ್ನು ಸೋಲಿಸುವ ಬೆರಿಬೆರಿ ರೋಗ ಬೇರೂರಿತ್ತು. ಕುಚಲಕ್ಕಿ ತಿನ್ನುವ ಕಡೆ ಬಡತನ ಅಷ್ಟೇ ಇದ್ದರೂ ಆ ರೋಗ ಅಪರೂಪವಾಗಿತ್ತು. ಕೂನೂರಿನ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತೀಯರಿಗೆ ಯಾವ ಪೋಷಕಾಂಶ ದಿನಕ್ಕೆ ಎಷ್ಟು ಬೇಕೆಂದು ಇಂದು ಹೇಳುವುದು ಅದೇ ಸಂಸ್ಥೆ.

ಗಂಜಿಯಲ್ಲಿ ಇನ್ನೊಂದು ಅನುಕೂಲವಿದೆ. ನೀರಿನಲ್ಲಿ ಕರಗುವ ವಿಟಮಿನ್‌ಗಳು ಅನ್ನ ಬಸಿದಾಗ ತಿಳಿಯೊಂದಿಗೆ ಹೊರಟುಹೋಗುತ್ತವೆ. ಗಂಜಿ ಉಣ್ಣುವವರು ಆ ನೀರನ್ನೂ ಕುಡಿಯುತ್ತಾರೆ. ಕುಚಲಕ್ಕಿ ಬಿಟ್ಟು ಬಿಳಿ ಅಕ್ಕಿಗೆ, ಗಂಜಿ ಬಿಟ್ಟು ಬ್ರೆಡ್ಡು ಟೋಸ್ಟಿಗೆ ಬದಲಾದ ಮನೆಗಳಲ್ಲಿ ಈ ರಕ್ಷಣೆ ಸದ್ದಿಲ್ಲದೆ ತೆಳುವಾಗುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಬಾಣಂತಿಯ ಮೇಲೆ, ಅವಳ ಮೂಲಕ ಎದೆಹಾಲು ಕುಡಿಯುವ ಕೂಸಿನ ಮೇಲೆ. ಎರಡು ಮೂರು ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ಶ್ವಾಸಕೋಶದ ರಕ್ತನಾಳಗಳ ಒತ್ತಡ ವಿಪರೀತ ಏರಿ ಆಸ್ಪತ್ರೆಗೆ ಬರುವುದನ್ನು ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರು ಕೆಲವು ವರ್ಷಗಳ ಹಿಂದೆ ದಾಖಲಿಸಿದ್ದಾರೆ. ತಾಯಂದಿರು ಪಥ್ಯದ ಹೆಸರಿನಲ್ಲಿ ಪಾಲಿಶ್ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಣ್ಣುತ್ತಿದ್ದರು. ಬೇಳೆ, ಕಾಳು, ಸೊಪ್ಪು ಬಂದ್. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಕೂಸುಗಳು ಬೇಗನೆ ಚೇತರಿಸಿಕೊಳ್ಳುತ್ತಿದ್ದವು. ಬಾಣಂತಿ ಪಥ್ಯ ಕಟ್ಟುನಿಟ್ಟಾಗಿರುವ ಮನೆಯಲ್ಲಿ ಬಿ-ಕಾಂಪ್ಲೆಕ್ಸ್ ಗುಳಿಗೆಗೆ ನಿಜವಾದ ಕೆಲಸವಿದೆ. ಪಥ್ಯವನ್ನೇ ಸಡಿಲಿಸಿದರೆ ಇನ್ನೂ ಒಳ್ಳೆಯದು.

ಎರಡನೆಯದು ಮೀನು. ಬಿ12 ವಿಟಮಿನ್ ಸಸ್ಯಾಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು, ನಮ್ಮ ತಟ್ಟೆಗೆ ಬರುವುದು ಪ್ರಾಣಿಜನ್ಯ ಆಹಾರದ ದಾರಿಯಲ್ಲಿ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ. ಬಂಗಡೆ, ತಾರ್ಲೆಯಂಥ ಎಣ್ಣೆಮೀನುಗಳಲ್ಲಿ ಇದು ಧಾರಾಳವಾಗಿದ್ದು ಒಂದೆರಡು ಮೀನೇ ಆ ದಿನದ ಬೇಡಿಕೆಯನ್ನು ಪೂರೈಸಬಲ್ಲವು. ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಅಗಿದು ನುಂಗುವ ಸಣ್ಣ ತಾರ್ಲೆಯಿಂದ ಕ್ಯಾಲ್ಸಿಯಮ್ಮೂ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ತಾರ್ಲೆ ಹೆಚ್ಚು ಕೊಬ್ಬಿರುತ್ತದೆ. ಕಾವಲಿಯ ಮೇಲೆ ಇಟ್ಟರೆ ತನ್ನ ಎಣ್ಣೆಯಲ್ಲೇ ಹುರಿಯುತ್ತದೆ. ಒಮೆಗಾ-3 ಕೊಬ್ಬೂ ವಿಟಮಿನ್ ಡಿಯೂ ಇರುವುದು ಆ ಎಣ್ಣೆಯಲ್ಲಿ. ಚಿಪ್ಪಿನೊಳಗಿನ ಬಳಚಿನಲ್ಲಿ ಕಬ್ಬಿಣ ಹೆಚ್ಚು, ಕಲ್ವದಲ್ಲಿ ಸತು ಹೆಚ್ಚು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದರ ಬೆನ್ನಿಗೇ ಶ್ರಾವಣ. ಹಲವು ಮನೆಗಳಲ್ಲಿ ಆ ತಿಂಗಳು ಮೀನು ಒಳಗೆ ಬರುವುದಿಲ್ಲ. ಹಾಗಾದರೆ ಈ ತಿಂಗಳುಗಳಲ್ಲಿ ಬಿ12 ಗುಳಿಗೆ ಬೇಕೇ? ಬೇಡ. ದೇಹ ಬಿ12ನ್ನು ಯಕೃತ್ತಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೂಡಿಡುತ್ತದೆ. ದಿನದ ಖರ್ಚು ಮೈಕ್ರೋಗ್ರಾಂ ಲೆಕ್ಕದ್ದು. ವರ್ಷದ ಒಂಬತ್ತು ತಿಂಗಳು ಮೀನುಂಡವರ ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ದಾಸ್ತಾನು ಇರುತ್ತದೆ. ವಿಟಮಿನ್ ಸಿ ಹಾಗಲ್ಲ. ಅದು ಕೂಡಿಟ್ಟರೆ ನಿಲ್ಲುವುದಿಲ್ಲ. ಒಂದೆರಡು ತಿಂಗಳು ಪೂರ್ತಿ ತಪ್ಪಿದರೆ ಒಸಡಿನಲ್ಲಿ ರಕ್ತ ಕಾಣುತ್ತದೆ. ಮಳೆಗಾಲದಲ್ಲಿ ಯೋಚಿಸಬೇಕಾದದ್ದು ಮೀನಿನ ಬಗ್ಗೆ ಅಲ್ಲ, ನಿಂಬೆ, ಪೇರಲೆ, ನೆಲ್ಲಿ, ಹಸಿಸೊಪ್ಪಿನ ಬಗ್ಗೆ. ಯಾವ ಪೋಷಕಾಂಶ ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಗೊತ್ತಿದ್ದರೆ ಎಷ್ಟೋ ಗುಳಿಗೆಗಳ ಅವಸರ ತಾನಾಗಿ ಕಡಿಮೆಯಾಗುತ್ತದೆ.

ಅಯೋಡಿನ್ನಿನ ಮಾತು ಬಂದಾಗ ಉಪ್ಪಿನ ಪ್ರಶ್ನೆ ಏಳುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳ ಹರಳುಪ್ಪು ಈ ಭಾಗದ ಅಡುಗೆಮನೆಗಳಿಗೆ ಹೊಸತಲ್ಲ. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ತಪ್ಪು. ಆಗರದಲ್ಲಿ ನೀರು ಇಂಗಿ ಉಪ್ಪು ಹರಳುಗಟ್ಟುವಾಗ ಅದರಲ್ಲಿ ಉಳಿಯುವ ಅಯೋಡಿನ್ ತೀರ ಅಲ್ಪ. ಸಮುದ್ರದ ಮೀನಿನಲ್ಲಿ ಅಯೋಡಿನ್ ಇದೆ. ಆದ್ದರಿಂದ ಮೀನುಣ್ಣುವ ಮನೆಯಲ್ಲಿ ಹರಳುಪ್ಪು ಬಳಸಿದರೂ ಅಪಾಯ ಕಡಿಮೆ. ಮೀನು ಮುಟ್ಟದ, ಹರಳುಪ್ಪನ್ನೇ ಬಳಸುವ ಮನೆಯಲ್ಲಿ ಗರ್ಭಿಣಿ ಇದ್ದರೆ ಅಯೋಡಿನ್ ಯುಕ್ತ ಉಪ್ಪಿಗೆ ಬದಲಾಗುವುದು ಅಗತ್ಯ. ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬ ನಿಯಮವಿದೆ. ಗುಳಿಗೆಗಿಂತ ಅಗ್ಗದ, ಸುಲಭದ ದಾರಿ ಅದು.

ಈ ತಟ್ಟೆಯಲ್ಲಿ ನಿಜವಾಗಿ ಕಡಿಮೆ ಬೀಳುವುದು ಕಬ್ಬಿಣ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಮೀನಿನಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವಂಥದ್ದು ಹೌದು, ಆದರೆ ಪ್ರಮಾಣದಲ್ಲಿ ಅದು ಸ್ವಲ್ಪವೇ. ಅಕ್ಕಿಯಲ್ಲಿ ಇನ್ನೂ ಕಡಿಮೆ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿರಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿತು. ಊಟದ ಜೊತೆಗೋ ಊಟ ಮುಗಿದ ತಕ್ಷಣವೋ ಕುಡಿಯುವ ಚಹಾ ಇದ್ದಷ್ಟು ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಬಡಿಸುವವಳು ಕೊನೆಗೆ ಉಣ್ಣುವ ಮನೆಯಲ್ಲಿ ಮೀನಿನ ಹೋಳು ಅವಳ ಪಾಲಿಗೆ ಎಷ್ಟು ಉಳಿದಿರುತ್ತದೆ ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ, ಆದರೆ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ.

ಈ ಕೊರತೆಗೆ ಔಷಧಿ ಅಂಗಡಿಯ ದುಬಾರಿ ಡಬ್ಬಿ ಉತ್ತರವಲ್ಲ. ಉತ್ತರ ಅಂಗನವಾಡಿಯಲ್ಲಿ, ಶಾಲೆಯಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆಯಾಗಿ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಸಲ ಕಬ್ಬಿಣದ ಸಿರಪ್. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಗುಳಿಗೆ, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ. ಹತ್ತರಿಂದ ಹತ್ತೊಂಬತ್ತರವರಿಗೆ ವಾರಕ್ಕೊಂದು ನೀಲಿ ಗುಳಿಗೆ, 60 ಮಿಲಿಗ್ರಾಂ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಗುಳಿಗೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಪೇಟೆಯ ಬಹುತೇಕ ಮಲ್ಟಿವಿಟಮಿನ್‌ಗಳಲ್ಲಿ ಕಬ್ಬಿಣ ಇದ್ದರೂ ಇದರ ಅರ್ಧದಷ್ಟೂ ಇರುವುದಿಲ್ಲ. ಬಣ್ಣದ ಪೆಟ್ಟಿಗೆಯೊಳಗಿನದು ಹೆಚ್ಚು ಶಕ್ತಿಯದ್ದು, ಸರ್ಕಾರಿ ಗುಳಿಗೆ ಕಳಪೆ ಎಂಬ ಭಾವನೆಯಿಂದ ಕೆಂಪು ಗುಳಿಗೆಯನ್ನು ಬೆಲ್ಲದ ಡಬ್ಬಿಯ ಹಿಂದೆ ತಳ್ಳಿ, ದುಡ್ಡು ಕೊಟ್ಟು ತಂದ ಕ್ಯಾಪ್ಸೂಲ್ ನುಂಗುವ ಗರ್ಭಿಣಿ ನಷ್ಟವನ್ನೇ ಕೊಂಡಂತಾಯಿತು.

ಕೆಂಪು ಗುಳಿಗೆಯ ಮೇಲಿನ ದೂರು ಸುಳ್ಳಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆಯಾಗುತ್ತದೆ. ಕಪ್ಪು ಬಣ್ಣ ಹೀರಿಕೆಯಾಗದೆ ಉಳಿದ ಕಬ್ಬಿಣದ್ದು, ಅದರಿಂದ ಕೇಡಿಲ್ಲ. ತೊಳಸುವಿಕೆಗೆ ಊಟವಾಗಿ ಒಂದು ತಾಸಿನ ಮೇಲೆ, ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳುವುದು ಪರಿಹಾರ. ನಿಂಬೆಹಣ್ಣಿನ ಪಾನಕದೊಂದಿಗೆ ನುಂಗಿದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಚಹಾದೊಂದಿಗೆ ಬೇಡ.

ಫೋಲಿಕ್ ಆಮ್ಲದ ಕಥೆಗೆ ಈ ಭಾಗದ ಹಳೆಯ ಪ್ರಾಂತೀಯ ರಾಜಧಾನಿಯ ನಂಟಿದೆ. ಕಾರವಾರ, ಅಂಕೋಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಿಗೆ ವಿಚಿತ್ರ ಬಗೆಯ ರಕ್ತಹೀನತೆ ಬರುತ್ತಿತ್ತು; ಕೆಂಪು ರಕ್ತಕಣಗಳು ಊದಿಕೊಂಡಂತೆ ದೊಡ್ಡದಾಗಿರುತ್ತಿದ್ದವು. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಅದು ಕಡಿಮೆ ಎಂಬುದನ್ನು ವಿಲ್ಸ್ ಗಮನಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಗುಣವಾದರು. 1931ರಲ್ಲಿ ಅದು ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲೇಟ್ ಎಂದು ಗೊತ್ತಾಗಲು ಇನ್ನೂ ಹತ್ತು ವರ್ಷಗಳ ಮೇಲೆ ಹಿಡಿಯಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ್ದು 1945ರಲ್ಲಿ.

ಫೋಲೇಟಿನ ವಿಷಯದಲ್ಲಿ ಪ್ರಮಾಣಕ್ಕಿಂತ ಸಮಯ ದೊಡ್ಡದು. ಭ್ರೂಣದ ಬೆನ್ನುಹುರಿ, ಮೆದುಳು ರೂಪುಗೊಳ್ಳುವ ನಳಿಕೆ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳಬೇಕು. ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಗರ್ಭಿಣಿಯೆಂದು ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಸಿಗುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಹಿಂದೊಮ್ಮೆ ಈ ನಳಿಕೆ ಮುಚ್ಚದ ದೋಷವಿರುವ ಮಗು ಹುಟ್ಟಿದ್ದ ತಾಯಂದಿರಿಗೆ ಗರ್ಭಧಾರಣೆಯ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಮತ್ತೆ ಅದೇ ದೋಷ ಕಾಣಿಸಿಕೊಳ್ಳುವುದು ಶೇ. 72ರಷ್ಟು ತಗ್ಗಿತು ಎಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು. ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮದುವೆಯಾಗಿ ಮಗು ಬಯಸುವ ಹೆಣ್ಣಿಗೆ ಒಂದೇ ಒಂದು ಗುಳಿಗೆ ಹೇಳಬೇಕೆಂದರೆ ಅದು ಫೋಲಿಕ್ ಆಮ್ಲ. ಅವಳಿಗೆ ಮಲ್ಟಿವಿಟಮಿನ್ ಬೇಕೆನಿಸಿದರೆ ಅದರಲ್ಲಿ ಈ 400 ಇದೆಯೇ, ರೆಟಿನಾಲ್ ರೂಪದ ವಿಟಮಿನ್ ಎ ಅತಿಯಾಗಿಲ್ಲವೇ ಎಂಬ ಎರಡು ಸಾಲುಗಳನ್ನು ಮೊದಲು ಓದಬೇಕು. ಗರ್ಭದ ಆರಂಭದಲ್ಲಿ ದಿನಕ್ಕೆ 10,000 ಐ.ಯು. ಮೀರಿದ ರೆಟಿನಾಲ್ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ ಪಶ್ಚಿಮ ಕರಾವಳಿಯಲ್ಲಿ ಶಾರ್ಕಿನ ಯಕೃತ್ತಿನಿಂದ ಎಣ್ಣೆ ತೆಗೆಯುವ ಉದ್ಯಮ ಬೆಳೆದಿತ್ತು. ರೆಟಿನಾಲ್ ಹೇರಳವಾಗಿದ್ದು ಇರುಳುಗುರುಡಿನ ಮಕ್ಕಳಿಗೆ ವರವಾಗಿದ್ದ ಅಂಥ ಎಣ್ಣೆಯನ್ನು ಗರ್ಭಿಣಿಗೆ ಪುಷ್ಟಿಗೆಂದು ಕೊಡುವಂತಿಲ್ಲ.

ಕ್ಯಾಲ್ಸಿಯಮ್ ವಿಷಯದಲ್ಲಿ ಮಲ್ಟಿವಿಟಮಿನ್ ಏನು ಮಾಡಲಾರದು ಎಂಬುದು ತೂಕದ ಲೆಕ್ಕದಿಂದಲೇ ತಿಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಕ್ಯಾಲ್ಸಿಯಮ್ ಕಾರ್ಬೊನೇಟಿನಲ್ಲಿ ಶುದ್ಧ ಕ್ಯಾಲ್ಸಿಯಮ್ ಇರುವುದು ಶೇ. 40 ಮಾತ್ರ, ಎಂದರೆ ದಿನದ ಪಾಲಿಗೆ ಎರಡೂವರೆ ಗ್ರಾಂ ಪುಡಿ ಬೇಕು. ಇಪ್ಪತ್ತು ಬಗೆಯ ಪೋಷಕಾಂಶಗಳ ಜೊತೆ ಅಷ್ಟನ್ನು ತುಂಬಿದ ಗುಳಿಗೆ ಗಂಟಲಲ್ಲಿ ಇಳಿಯಲಾರದು. ‘ಕ್ಯಾಲ್ಸಿಯಮ್ ಯುಕ್ತ’ ಎಂದು ಮುಖದ ಮೇಲೆ ಬರೆದ ಮಲ್ಟಿವಿಟಮಿನ್ನಿನ ಹಿಂಬದಿ ನೋಡಿದರೆ ದಿನದ ಅಗತ್ಯದ ಸಣ್ಣ ಭಾಗವಷ್ಟೇ ಇರುತ್ತದೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕ್ಯಾಲ್ಸಿಯಮ್ ಗುಳಿಗೆ 500 ಮಿಲಿಗ್ರಾಮಿನದು, ದಿನಕ್ಕೆರಡು. ಅದನ್ನು ಕೆಂಪು ಗುಳಿಗೆಯ ಜೊತೆ ನುಂಗಬಾರದು, ಏಕೆಂದರೆ ಕ್ಯಾಲ್ಸಿಯಮ್ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ. ಒಂದು ಊಟದ ಜೊತೆ, ಇನ್ನೊಂದು ಮಲಗುವಾಗ ಎಂದು ಸಮಯ ಬೇರೆ ಮಾಡಿಕೊಂಡರಾಯಿತು. ಉಳಿದವರಿಗೆ ಹಾಲು, ಮೊಸರು, ಮುಳ್ಳುಸಹಿತ ಸಣ್ಣಮೀನು, ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಮ್ ಇದೆ. ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲಿ ಬಿಸಿಲ ಕಾಲದ ಪಾನೀಯವಾಗಿದ್ದ ಅಂಬಲಿಗೆ ಬಿಸ್ಕತ್ತು ಚಹಾ ಸಾಟಿಯಲ್ಲ.

ಮೀನು ತಿನ್ನದವರ ಲೆಕ್ಕ ಬೇರೆಯೇ. ಘಟ್ಟದ ಮೇಲಿನ ಮತ್ತು ಕೆಳಗಿನ ಹವ್ಯಕ ಮನೆಗಳಲ್ಲಿ ಬಿ12 ಬರುವುದು ಹಾಲು ಮಜ್ಜಿಗೆಯಿಂದ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ದಿನಕ್ಕೆ ಎರಡು ಲೋಟ ಹಾಲು ಮೊಸರು ಸೇವಿಸುವ ಸಸ್ಯಾಹಾರಿ ಹೇಗೋ ತೂಗಿಸಿಕೊಳ್ಳುತ್ತಾನೆ, ಚಹಾಕ್ಕೆ ಮಾತ್ರ ಹಾಲು ಬಳಸುವವನಿಗೆ ಸಾಲದು. ವಯಸ್ಸು ಅರವತ್ತು ದಾಟಿದ ಮೇಲೆ ಹೊಟ್ಟೆಯ ಆಮ್ಲ ತಗ್ಗಿ, ಆಹಾರದಲ್ಲಿರುವ ಬಿ12 ಬಿಡುಗಡೆಯಾಗುವುದೇ ಕಷ್ಟವಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಎದೆಯುರಿಗೆ ದಿನವೂ ಗ್ಯಾಸಿನ ಗುಳಿಗೆ ತೆಗೆದುಕೊಳ್ಳುವವರಲ್ಲಿ ಹೀರಿಕೆ ಇನ್ನಷ್ಟು ಕುಸಿಯುತ್ತದೆ. ಮೀನುಂಡರೂ ಇವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಪಾದ ಉರಿಯುವುದು, ಜೋಮು ಹಿಡಿಯುವುದು ಸಕ್ಕರೆಯಿಂದಲೇ ಎಂದು ಸುಮ್ಮನಾಗುವುದು ಅಪಾಯ. ಗುಳಿಗೆಯಲ್ಲಿನ ಬಿ12 ಆಹಾರದ ಪ್ರೋಟೀನಿಗೆ ಅಂಟಿಕೊಂಡಿರದ ಕಾರಣ ಆಮ್ಲ ಕಡಿಮೆ ಇದ್ದರೂ ಹೀರಿಕೆಯಾಗುತ್ತದೆ. ಇಲ್ಲಿ ಎಚ್ಚರಿಕೆಯೊಂದು ಇದೆ: ಬಿ12 ಕೊರತೆಯಿರುವವರಿಗೆ ಬರಿಯ ಫೋಲಿಕ್ ಆಮ್ಲವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ವಯಸ್ಸಾದ ಸಸ್ಯಾಹಾರಿಗೆ ಕೊಳ್ಳುವ ಗುಳಿಗೆಯಲ್ಲಿ ಇವೆರಡೂ ಒಟ್ಟಿಗಿರಬೇಕು.

ವಿಟಮಿನ್ ಡಿ ಬಿಸಿಲಿನ ಕೊಡುಗೆ. ದೋಣಿಯಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ ಅದರ ಚಿಂತೆ ಕಡಿಮೆ. ಮೂರು ಸಾವಿರ ಮಿಲಿಮೀಟರಿನಾಚೆ ಮಳೆ ಸುರಿಯುವ ಈ ಪಟ್ಟಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮನೆಯೊಳಗೇ ಇರುವ ಮುದುಕರಿಗೆ, ಕಚೇರಿಯವರಿಗೆ, ಕೂಸುಗಳಿಗೆ ಮಾತ್ರ ಕೊರತೆಯಾಗಬಹುದು. ದಿನಕ್ಕೆ 600 ಐ.ಯು. ಅಗತ್ಯ, ಮಲ್ಟಿವಿಟಮಿನ್ನಿನಲ್ಲಿ 400ರಿಂದ 600 ಇದ್ದರೆ ಸಾಕು. ಕೊರತೆ ಸಾಬೀತಾದವರಿಗೆ ವೈದ್ಯರು ಬರೆದುಕೊಡುವ 60,000 ಐ.ಯು. ಸ್ಯಾಶೆ ಬೇರೆ ಸಾಮಾನು. ವಾರಕ್ಕೊಂದು, ಎಂಟು ವಾರ ಎಂದು ಹೇಳಿದ್ದನ್ನು ದಿನಕ್ಕೊಂದರಂತೆ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಮ್ ಏರಿ, ವಾಂತಿ ಮತ್ತು ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ಭಾರತದ ವೈದ್ಯರು ವರದಿ ಮಾಡಿದ್ದಾರೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳು ಮೈಯಲ್ಲಿ ಶೇಖರಗೊಳ್ಳುವುದರಿಂದ ಹೆಚ್ಚಾದರೆ ಹೊರಹಾಕುವುದು ಕಷ್ಟ. ಬಿ ಗುಂಪಿನವು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತವೆ. ಗುಳಿಗೆ ನುಂಗಿದ ಮರುದಿನ ಕಾಣುವ ಗಾಢ ಹಳದಿ ಬಿ2ನದು. ಆದರೆ ಬಿ6ಗೆ ಈ ವಿನಾಯಿತಿ ಇಲ್ಲ: ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಅದೇ ನರಗಳನ್ನು ಕೆಡಿಸುತ್ತದೆ.

ಚಿಕ್ಕ ಮಕ್ಕಳಿಗೆ ಒಂಬತ್ತನೇ ತಿಂಗಳಲ್ಲಿ 1 ಲಕ್ಷ ಐ.ಯು., ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಐ.ಯು.ನಂತೆ ಐದು ವರ್ಷದ ತನಕ ವಿಟಮಿನ್ ಎ ಹನಿ ಸಿಗುತ್ತದೆ. ಇದರ ಮೇಲೆ ದಿನವೂ ವಿಟಮಿನ್ ಎ ಇರುವ ಸಿರಪ್ ಬೇಕಾಗುವುದಿಲ್ಲ. ಪಪ್ಪಾಯಿ, ಹರಿವೆ, ನುಗ್ಗೆಸೊಪ್ಪು, ಬೇಸಿಗೆಯಲ್ಲಿ ಅಂಕೋಲೆಯ ಕರಿ ಈಶಾಡ ಮಾವು ಇವೆಲ್ಲ ಕ್ಯಾರೊಟಿನ್ ಕೊಡುತ್ತವೆ. ಸೊಪ್ಪಿನ ಪಲ್ಯಕ್ಕೆ ಹಾಕುವ ತೆಂಗಿನತುರಿಯ ಕೊಬ್ಬು ಆ ಕ್ಯಾರೊಟಿನ್ ಮೈಗೆ ಹತ್ತಲು ನೆರವಾಗುತ್ತದೆ. ಮಿಠಾಯಿಯಂತೆ ಕಾಣುವ ಗಮ್ಮಿಗಳು ಮಕ್ಕಳ ಕೈಗೆ ಸಿಗುವಂತಿರಬಾರದು. ಕಬ್ಬಿಣದ ಗುಳಿಗೆ ಇನ್ನೂ ಅಪಾಯಕಾರಿ. ಒಂದು ಪಟ್ಟಿ ಪೂರ್ತಿ ನುಂಗಿದ ಮಗುವಿನ ಪ್ರಾಣಕ್ಕೇ ಕುತ್ತು.

ಯಾವ ಕೊರತೆಯೂ ಇಲ್ಲದ, ಹೊಟ್ಟೆತುಂಬ ಬಗೆಬಗೆಯ ಊಟ ಮಾಡುವ ಗಂಡಸಿಗೆ ದಿನವೂ ಮಲ್ಟಿವಿಟಮಿನ್ ಕೊಟ್ಟರೆ ಏನಾಗುತ್ತದೆ? ಅಮೆರಿಕದಲ್ಲಿ 50 ದಾಟಿದ 14,641 ಪುರುಷ ವೈದ್ಯರ ಮೇಲೆ ಸುಮಾರು ಹನ್ನೊಂದು ವರ್ಷ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಕ್ಯಾನ್ಸರ್ ಶೇ. 8ರಷ್ಟು ಕಡಿಮೆ ಕಂಡಿತು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಲಾಭ ಅಷ್ಟು ಸಣ್ಣದು. ಬೀಡಿ ಸಿಗರೇಟು ಸೇದುವವರಿಗೆ ಕೆಲವು ಗುಳಿಗೆ ನಷ್ಟವನ್ನೇ ತರುತ್ತದೆ: ಫಿನ್‌ಲೆಂಡಿನ 29,133 ಧೂಮಪಾನಿಗಳಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತೆಂದು 1994ರಲ್ಲಿ ತಿಳಿಯಿತು. ಗಂಡಸರಿಗೂ ಮುಟ್ಟು ನಿಂತ ಹೆಂಗಸರಿಗೂ ರಕ್ತಪರೀಕ್ಷೆಯಿಲ್ಲದೆ ಕಬ್ಬಿಣವಿರುವ ಗುಳಿಗೆ ಬೇಡ; ಅವರ ದೇಹಕ್ಕೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ದಾರಿಯಿಲ್ಲ. ನಿತ್ಯ ಕುಡಿಯುವವರಿಗೆ ಮಾತ್ರ ಥಯಾಮಿನ್, ಫೋಲೇಟ್ ಎರಡೂ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ರೋಗದಿಂದೆದ್ದು ಊಟ ಸೇರದವರಿಗೆ, ಹಲ್ಲಿಲ್ಲದೆ ಮೆತ್ತಗಿನದ್ದನ್ನಷ್ಟೇ ತಿನ್ನುವ ಮುದುಕರಿಗೆ ಸಾಧಾರಣ ಮಲ್ಟಿವಿಟಮಿನ್ ಯೋಗ್ಯ ಆಯ್ಕೆ.

ಕೊಳ್ಳುವಾಗ ಚೀಟಿಯ ಹಿಂಬದಿ ಓದಬೇಕು. ಭಾರತದಲ್ಲಿ ಇವು ಎರಡು ಕಾನೂನಿನಡಿ ಬರುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳಡಿ ಬರುವವು ‘ಹೆಲ್ತ್ ಸಪ್ಲಿಮೆಂಟ್’; ಅವುಗಳ ಮೇಲೆ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇರುತ್ತದೆ, ಔಷಧವಾಗಿ ಬಳಸಲು ಅಲ್ಲ ಎಂಬ ಸಾಲಿರುತ್ತದೆ, ಪ್ರತಿ ಪೋಷಕಾಂಶದ ಎದುರು ಅದು ದಿನದ ಅಗತ್ಯದ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಔಷಧ ಕಾನೂನಿನಡಿ ಬರುವವುಗಳಲ್ಲಿ ಪ್ರಮಾಣ ಇದಕ್ಕಿಂತ ಹಲವು ಪಟ್ಟು ಇರಬಹುದು; ಅವು ಕೊರತೆಯ ಚಿಕಿತ್ಸೆಗೆ, ದಿನಬಳಕೆಗೆ ಅಲ್ಲ. ನಿತ್ಯಕ್ಕೆ ಬೇಕಾದ ಗುಳಿಗೆಯಲ್ಲಿ ಬಹುತೇಕ ಅಂಶಗಳು ಶೇ. 50ರಿಂದ 100ರ ಒಳಗೆ ಇದ್ದರೆ ಒಳ್ಳೆಯದು. ಕಬ್ಬಿಣದ ಸಾಲಿನಲ್ಲಿ ಲವಣದ ತೂಕಕ್ಕೆ ಮೋಸಹೋಗಬಾರದು: 100 ಮಿಲಿಗ್ರಾಂ ಫೆರಸ್ ಫ್ಯೂಮರೇಟಿನಲ್ಲಿ ನಿಜವಾದ ಕಬ್ಬಿಣ ಸುಮಾರು 33 ಮಿಲಿಗ್ರಾಂ. ಜಿನ್‌ಸೆಂಗ್, ಹಸಿರು ಚಹಾ, ಹತ್ತಾರು ಗಿಡಮೂಲಿಕೆಗಳ ಹೆಸರು ಸಾಲಾಗಿದ್ದರೆ ಬೆಲೆ ಏರಲು ಅವು ಕಾರಣ, ಪೋಷಣೆಗೆ ಅಲ್ಲ. ಜನೌಷಧಿ ಕೇಂದ್ರದ ಸಾದಾ ಗುಳಿಗೆಯಲ್ಲಿ ಅದೇ ವಿಟಮಿನ್‌ಗಳು ಕಡಿಮೆ ದುಡ್ಡಿಗೆ ಸಿಗುತ್ತವೆ.

ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಸಿಗುವಲ್ಲಿ ಅದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಸಾರವರ್ಧಿತ ಅಕ್ಕಿಯಲ್ಲಿ ನೂರು ಕಾಳಿಗೊಂದರಂತೆ ಬೆರೆಸಿದ ಕೃತಕ ಕಾಳಿನಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇರುತ್ತವೆ. ತೊಳೆಯುವಾಗ ತೇಲುವ, ಬಣ್ಣದಲ್ಲಿ ತುಸು ಬೇರೆ ಕಾಣುವ ಈ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಎಸೆಯುವ ಮನೆಗಳಿವೆ. ಹಿಟ್ಟಿನಿಂದಲೇ ಒತ್ತಿದ ಆ ಕಾಳನ್ನು ಎಸೆಯಬಾರದು. ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣವಿರುವ ಈ ಅಕ್ಕಿಯನ್ನು ದಿನಕ್ಕೆ 300 ಗ್ರಾಂ ಉಂಡರೆ ಸುಮಾರು ಎಂಟರಿಂದ ಹದಿಮೂರು ಮಿಲಿಗ್ರಾಂ ಸಿಕ್ಕಂತಾಗುತ್ತದೆ. ಥಲಸ್ಸೀಮಿಯಾದಿಂದ ಪದೇ ಪದೇ ರಕ್ತ ಹಾಕಿಸಿಕೊಳ್ಳುವವರು ಮಾತ್ರ ಈ ಅಕ್ಕಿಯ ಬಗ್ಗೆಯೂ ಕಬ್ಬಿಣದ ಗುಳಿಗೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಬೇರೆ ಔಷಧಿಗಳೊಂದಿಗೆ ಬೆರೆಯುವ ತೊಂದರೆ ಕೊನೆಯ ಮುಖ್ಯ ವಿಷಯ. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಮ್ ಇರುವ ಯಾವುದನ್ನೂ ಅದರ ನಾಲ್ಕು ತಾಸಿನೊಳಗೆ ನುಂಗಬಾರದು. ಹೃದಯದ ಕವಾಟ ಬದಲಿಸಿ ವಾರ್ಫರಿನ್ ಮೇಲಿರುವವರಿಗೆ ವಿಟಮಿನ್ ಕೆ ಇರುವ ಮಲ್ಟಿವಿಟಮಿನ್ ರಕ್ತದ ಹದ ಕೆಡಿಸುತ್ತದೆ. ಮಳೆಗಾಲದಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕಬ್ಬಿಣ, ಸತು, ಕ್ಯಾಲ್ಸಿಯಮ್ಮುಗಳ ಜೊತೆ ಕಟ್ಟಿಕೊಂಡು ಕೆಲಸ ಕಳೆದುಕೊಳ್ಳುತ್ತದೆ. ಗದ್ದೆ ಕೆಲಸದವರು ಆ ದಿನಗಳಲ್ಲಿ ಖನಿಜದ ಗುಳಿಗೆ ನಿಲ್ಲಿಸುವುದು ಲೇಸು. ಇದೇ ಮಳೆಗಾಲದ ತೇವ ಡಬ್ಬಿಯಲ್ಲಿನ ಗುಳಿಗೆಯನ್ನು ಕೆಡಿಸುತ್ತದೆ. ವಿಟಮಿನ್ ಸಿ ಮೊದಲು ಹೋಗುತ್ತದೆ. ಗುಳಿಗೆಯ ಮೇಲೆ ಕಂದು ಚುಕ್ಕೆ ಮೂಡುತ್ತದೆ. ನೂರು ಗುಳಿಗೆಯ ಡಬ್ಬಿಗಿಂತ ಒಂದೊಂದಾಗಿ ಮುಚ್ಚಿದ ಪಟ್ಟಿ ಕರಾವಳಿಗೆ ಸರಿ. ಒಲೆಯ ಪಕ್ಕ, ಬಚ್ಚಲ ಗೂಡಿನಲ್ಲಿ ಇಡುವಂತಿಲ್ಲ.

ಎಷ್ಟು ದಿನ ಎಂಬುದೂ ಗುಳಿಗೆಯಿಂದ ಗುಳಿಗೆಗೆ ಬೇರೆ. ಹಾಲೂ ಕಡಿಮೆ ಇರುವ ಸಸ್ಯಾಹಾರಿಗೆ ಬಿ12 ಬದುಕಿಡೀ ಬೇಕಾಗಬಹುದು. ಕಾಯಿಲೆಯ ನಂತರದ ಮಲ್ಟಿವಿಟಮಿನ್ ಊಟ ಸರಿಹೋದ ಮೇಲೆ ನಿಲ್ಲಬೇಕು. ರಕ್ತಹೀನತೆಗೆ ಕೊಟ್ಟ ಕಬ್ಬಿಣ ಹಿಮೊಗ್ಲೋಬಿನ್ ಸರಿಯಾದ ನಂತರವೂ ಎರಡು ಮೂರು ತಿಂಗಳು ಮುಂದುವರಿದರೆ ಮಾತ್ರ ದೇಹದ ದಾಸ್ತಾನು ತುಂಬುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ 12, ಗರ್ಭಿಣಿಗೆ 11, ಗಂಡಸಿಗೆ 13 ಗ್ರಾಂ ಎಂಬುದು ಹಿಮೊಗ್ಲೋಬಿನ್ನಿನ ಗಡಿ. ಒಂದು ತಿಂಗಳು ತಪ್ಪದೆ ಗುಳಿಗೆ ನುಂಗಿದರೂ ಅಂಕಿ ಮೇಲೇರದಿದ್ದರೆ ಇನ್ನೂ ದೊಡ್ಡ ಗುಳಿಗೆ ಹುಡುಕುವುದಲ್ಲ, ಕಾರಣ ಹುಡುಕಬೇಕು: ಬರಿಗಾಲಲ್ಲಿ ಒದ್ದೆ ಮಣ್ಣಿನಲ್ಲಿ ದುಡಿಯುವವರ ಕರುಳಿನ ಕೊಕ್ಕೆಹುಳು, ಹೆಚ್ಚು ಹೋಗುವ ಮುಟ್ಟು, ಮೂಲವ್ಯಾಧಿ, ಹುಟ್ಟಿನಿಂದ ಬಂದ ಥಲಸ್ಸೀಮಿಯಾ ಲಕ್ಷಣ. ಮೊದಲನೆಯದಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ನಿಯತವಾಗಿ ಕೊಡುವ ಅಲ್ಬೆಂಡಜೋಲ್ ಗುಳಿಗೆಯೇ ಮದ್ದು. ಉಳಿದವಕ್ಕೆ ತಾಲೂಕು ಆಸ್ಪತ್ರೆಯಲ್ಲೋ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ತಪಾಸಣೆ ಆಗಬೇಕು.